ಹನೂರಿನ ಆಚೆ ಒಂದು ವಿದೇಶಾಂಗ ಕೆಲಸ

"ಅನ್ನ ಇಕ್ಲಾ, ಮುದ್ದೆ ಇಕ್ಲಾ ಅಂತ ಕೇಳುದ್ರೆ ಎರಡನ್ನೂ ಗಮನದಲ್ಲಿ ಇಟ್ಕಂಡಿವ್ನಿ ಅಂತರೆ. ಇವರ ಜೊತೆ ಊಟ ಮುಗ್ಸೋದೇ ಒಂದು ಸಂಧಾನ ಕಣಪ್ಪ."

ಅವರ ಹೆಂಡತಿ ಈ ಮಾತನ್ನು ನನ್ನೆದುರು ಹೇಳುವಾಗ ಅವರು ತಟ್ಟೆಯ ಮುಂದೆ ಕುಳಿತು, ತಮ್ಮ ದೇಶದ ಬಗ್ಗೆ ಬೇರೆ ದೇಶದವರು ಏನೋ ಅಂದರೆ ಕೇಳುವ ಹಾಗೆ, ಮುಖ ಬದಲಿಸದೆ ಕೇಳುತ್ತಿದ್ದರು. ಕೊನೆಗೆ, "ನಿಮ್ಮತ್ತೆ ಹೇಳಿದ್ರಲ್ಲಿ ಸತ್ಯಾಂಶ ಇದೆ" ಎಂದು ನನಗೆ ಹೇಳಿ ಮುದ್ದೆಗೆ ಕೈಹಾಕುತ್ತಿದ್ದರು. ನಾನು ಅವರ ನೆಂಟನಲ್ಲ. ಆ ಮನೆಯಲ್ಲಿ ಎರಡು ಸಲ ಉಂಡವರಿಗೆಲ್ಲ ಆಕೆ ಅತ್ತೆಯಾಗುತ್ತಿದ್ದರು.

ಆಕೆಯ ಪತಿ ಹೋದ ತಿಂಗಳು ತೀರಿಕೊಂಡರು. ಕೊಳ್ಳೇಗಾಲದ ವಾಚನಾಲಯದಲ್ಲಿ ನಡೆದ ಸಭೆಯಲ್ಲಿ ನಾನು ಮಾತಾಡಲು ಎದ್ದು, ನಾಲ್ಕು ವಾಕ್ಯ ಹೇಳಿ ಕುಳಿತುಬಿಟ್ಟೆ. ಹೇಳಬೇಕಾದದ್ದು ಹೆಚ್ಚಿಗಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕಣ್ಣಾರೆ ಕಂಡದ್ದನ್ನು ಕಂಡದ್ದೆಂದೂ, ಅವರು ಹೇಳಿದ್ದನ್ನು ಹೇಳಿದ್ದೆಂದೂ ಬೇರೆ ಬೇರೆಯಾಗಿಯೇ ಇಡುತ್ತೇನೆ. ಆ ಅಭ್ಯಾಸವನ್ನು ಕಲಿತದ್ದೂ ಅವರಿಂದಲೇ. ಹೆಸರು ಹಾಕುವುದಿಲ್ಲ. ಪತ್ರಿಕೆಯಲ್ಲಿ ಹೆಸರು ಬಂದರೆ ಅವರಿಗೆ ಮೈಮೇಲೆ ಇರುವೆ ಹರಿದಂತೆ ಆಗುತ್ತಿತ್ತು.

ಅವರು ಹುಟ್ಟಿದ್ದು ಯಳಂದೂರಿನಲ್ಲಿ, ಹೆಣ್ಣು ತಂದದ್ದು ಕೊಳ್ಳೇಗಾಲದಿಂದ. ಆ ಕಾಲದಲ್ಲಿ ಯಳಂದೂರು ಮೈಸೂರಿಗೆ ಸೇರಿತ್ತು, ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಎರಡರ ನಡುವೆ ಎತ್ತಿನ ಗಾಡಿಯಲ್ಲಿ ಒಂದು ಬೆಳಗಿನ ದಾರಿ. "ನನ್ನ ಮೊದಲನೇ ಫಾರಿನ್ ಪೋಸ್ಟಿಂಗು ಮಾವನ ಮನೆ" ಎನ್ನುತ್ತಿದ್ದರು. "ಅಲ್ಲಿನ ರೂಪಾಯಿ ನಮ್ಮದೇ, ದೇವರೂ ನಮ್ಮದೇ, ಆದ್ರೆ ಸರ್ಕಾರ ಬೇರೆ. ಐವತ್ತಾರರಲ್ಲಿ ರಾಜ್ಯ ಒಂದಾದಾಗ ಮಾವನ ಮನೆ ಸ್ವದೇಶ ಆಯ್ತು. ಅವತ್ತಿಂದ ನಂಗೆ ಅಲ್ಲಿ ಮರ್ಯಾದೆ ಕಮ್ಮಿ."

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅವರು ದೆಹಲಿಗೆ ಹೋಗಿ ವಿದೇಶಾಂಗ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿದರು. ಮೇಲೇರಿ, ರಾಯಭಾರ ಕಚೇರಿಗಳಲ್ಲಿ ಅಟ್ಯಾಷೆ ಎನ್ನುವ ಹುದ್ದೆಯ ತನಕ ಬಂದು ಅವಧಿಗೆ ಮುಂಚೆಯೇ ನಿವೃತ್ತರಾದರು. ಟಿಬೆಟ್ಟಿನಲ್ಲಿ ನಮ್ಮ ದೇಶದ ವ್ಯಾಪಾರ ಕಚೇರಿ ಇದ್ದಾಗ ಅಲ್ಲಿ ಕೆಲವು ವರ್ಷ, ಆಮೇಲೆ ರಂಗೂನ್, ಕೈರೋ, ಆಫ್ರಿಕಾದ ಒಂದೆರಡು ರಾಜಧಾನಿಗಳು. ಊರಿಗೆ ಮರಳಿದಾಗ ಅವರ ಬಳಿ ಒಂದು ಕಂದು ಬಣ್ಣದ ಉಣ್ಣೆಯ ಕೋಟು, ಒಂದು ರೇಡಿಯೊ, ಮತ್ತು ನೇರವಾಗಿ ಉತ್ತರ ಕೊಡದ ಚಟ ಇದ್ದವು. ಕೊಳ್ಳೇಗಾಲದ ಬಿಸಿಲಿನಲ್ಲಿ ಉಣ್ಣೆಯ ಕೋಟು ಹಾಕುವುದು ಒಣ ಜಂಬ ಎಂದು ಹಲವರು ನಕ್ಕರು. ಜಂಬ ಸ್ವಲ್ಪ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಊರಿನ ಜನ ಅವರನ್ನು ಎಂಬಸಿ ಸಾ ಎಂದು ಕರೆದರು.

ಸಂಜೆ ಹೊತ್ತು ಅವರು ಒಂದು ರೇಷ್ಮೆ ಅಂಗಡಿಯ ಜಗಲಿಯಲ್ಲಿ ಕೂರುತ್ತಿದ್ದರು. ನಾನಾಗ ಹನೂರು ಹೋಬಳಿಗೆ ರೆವಿನ್ಯೂ ಇನ್ಸ್‌ಪೆಕ್ಟರ್. ಕೆಲಸ ಮುಗಿಸಿ ಬಸ್ಸಿಳಿದವನು ಅಲ್ಲಿ ನಿಲ್ಲುತ್ತಿದ್ದೆ. ಒಂದು ದಿನ ಧನಗೆರೆಯಿಂದ ಗೂಡು ಮಾರಲು ಬಂದಿದ್ದ ರೈತರೊಬ್ಬರು ಕೇಳಿದರು: "ಸಾ, ಪೇಪರ್‌ನಲ್ಲಿ ಅಲಿಪ್ತ ನೀತಿ, ಅಲಿಪ್ತ ನೀತಿ ಅಂತ ಬರೀತಾರಲ್ಲ. ಅಂಗಂದ್ರೆ ಯಾರ ಜಗಳಕ್ಕೂ ಓಗ್ದೆ ಮನೇಲ್ ಕುಂತಿರಾದಾ?"

"ಮನೇಲಿ ಕೂತೋನಿಗೆ ನೀತಿ ಯಾಕಪ್ಪಾ ಬೇಕು? ನಿಮ್ಮ ಅಕ್ಕಪಕ್ಕದ ಇಬ್ಬರೂ ದೊಡ್ಡೋರು, ಇಬ್ಬರಿಗೂ ಜಗಳ ಅಂತಿಟ್ಕೊ. ನೀನು ಇಬ್ಬರ ಬಾವಿಯಿಂದಲೂ ನೀರು ತರ್ತೀಯ. ಇಬ್ಬರ ಮನೆ ಮದುವೆಗೂ ಹೋಗ್ತೀಯ. ಒಬ್ಬ ಬಂದು ಕೋಲು ಕೊಡು ಅಂದ್ರೆ ಮಾತ್ರ, ಕೋಲು ಇಲ್ಲ ಅಂತೀಯ."

"ಅಂಗ್ ಬಾಳೋದು ಕಷ್ಟ ಕಣ್ ಸಾ. ಇಬ್ಬರೂ ಬಯ್ತರೆ."

"ಬಯ್ತಾರೆ. ನಮ್ಮ ಇಲಾಖೇಲಿ ಬಯ್ಸಿಕೊಳ್ಳೋದಕ್ಕೇ ಸಂಬಳ."

ಬಾಂಗ್ಲಾ ಯುದ್ಧದ ದಿನಗಳಲ್ಲಿ ಆ ಜಗಲಿಯ ಮೇಲೆ ಅವರ ರೇಡಿಯೊ ಇಟ್ಟು ಅರ್ಧ ಬೀದಿ ನಿಂತು ಕೇಳಿತು. ಗೆದ್ದ ಸುದ್ದಿ ಬಂದಾಗ ಹುಡುಗರು ಪಟಾಕಿ ಹಚ್ಚಿದರು. ಅವರು ಮಾತ್ರ, "ಗೆದ್ದದ್ದು ಈಗ. ಆದ್ರೆ ಅಷ್ಟು ಜನ ಗಡಿ ದಾಟಿ ಬಂದಾಗ ಬಾಗಿಲು ತೆಗೆದ್ವಲ್ಲ, ದೇಶ ದೊಡ್ಡದಾಗಿದ್ದು ಅವತ್ತು" ಎಂದರು. ಅದನ್ನು ಹೇಳುವಾಗ ಕೋಟಿನ ಗುಂಡಿಯನ್ನು ಹಾಕಿಕೊಂಡರು. ತಮಗೆ ಹೆಮ್ಮೆಯಾದಾಗಲೆಲ್ಲ ಅವರು ಹಾಗೆ ಮಾಡುತ್ತಿದ್ದರು.

ಅಂಗಡಿಯ ಯಜಮಾನರು ಒಮ್ಮೆ ಕೆಣಕಿದರು. "ಎಲ್ಲಾ ಸರಿ ಸಾ. ಪಂಚಶೀಲ ಅಂದ್ರಿ, ಅಪ್ಕೊಂಡ್ರಿ. ಅರವತ್ತೆರಡರಲ್ಲಿ ಒದೆ ಬಿತ್ತಲ್ಲ?"

ಅವರು ಜಗಲಿಯಿಂದ ಎದ್ದರು. ಉತ್ತರವನ್ನು ಆ ಸಂಜೆ ಮರಡಿಗುಡ್ಡದ ಬುಡದಲ್ಲಿ ನಡೆಯುತ್ತಾ ನನಗೊಬ್ಬನಿಗೇ ಹೇಳಿದರು. ಇದು ಅವರು ಹೇಳಿದ್ದು. ಟಿಬೆಟ್ಟಿನ ವಿಷಯದಲ್ಲಿ ನಮಗೂ ಚೀನಕ್ಕೂ ಆ ಪಂಚಶೀಲದ ಒಪ್ಪಂದವಾದ ಮೇಲೆ, ಅಲ್ಲಿ ನಮ್ಮ ಕೈಯಲ್ಲಿದ್ದ ಅಂಚೆ, ತಂತಿ, ತಂಗುದಾಣಗಳನ್ನು ಬಿಟ್ಟುಕೊಡುವ ಕೆಲಸಕ್ಕೆ ಅವರನ್ನೂ ಹಾಕಿದ್ದರು. ಒಂದು ತಂಗುದಾಣದ ಕಾವಲುಗಾರ, ಟಿಬೆಟ್ಟಿನವನು, ಬೀಗದ ಕೈ ಕೊಡುವಾಗ ಕೇಳಿದನಂತೆ: "ಬಾಬೂ, ಮಾತುಕತೆಯಲ್ಲಿ ನಿಮ್ಮವರಿದ್ದರು, ಅವರಿದ್ದರು. ನಮ್ಮವರು ಎಲ್ಲಿ ಕೂತಿದ್ದರು?"

ಇದನ್ನು ಹೇಳಿ ನನ್ನ ಕಡೆ ತಿರುಗಿದರು. "ಆ ಐದು ತತ್ವದಲ್ಲಿ ಒಂದೂ ಕೆಟ್ಟದ್ದಲ್ಲ ಕಣಪ್ಪ. ಇವತ್ತೂ ಅದನ್ನು ಎದೆ ತಟ್ಟಿ ಹೇಳ್ತೀನಿ. ಆದ್ರೆ ಯಾರ ಊರಿನ ಮಾತೋ ಅವರೇ ಕೋಣೆಯಲ್ಲಿರಲಿಲ್ಲ. ಅವನ ಪ್ರಶ್ನೆ ಬೀಗದ ಕೈ ಜೊತೆ ನನ್ನ ಕೈಗೆ ಬಂತು. ಬೀಗದ ಕೈಯನ್ನ ಒಪ್ಪಿಸಿದೆ, ಪ್ರಶ್ನೆನ ಒಪ್ಪಿಸೋಕೆ ಯಾರೂ ಸಿಗ್ಲಿಲ್ಲ."

ಅವರು ಈ ಮಾತು ಹೇಳಿ ಒಂದೆರಡು ವರ್ಷಕ್ಕೆ ಟಿಬೆಟ್ಟಿನವರು ನಮ್ಮ ತಾಲ್ಲೂಕಿಗೇ ಬಂದರು. ಹನೂರಿನ ಆಚೆ, ಗುಡ್ಡದ ಮೇಲೆ, ಸರ್ಕಾರ ಅವರಿಗೆ ಜಮೀನು ಕೊಟ್ಟಿತ್ತು. ಅಳತೆಯ ಕೆಲಸಕ್ಕೆ ನಾನೂ ಹೋಗಿದ್ದೆ. ಮೊದಲ ಲಾರಿಗಳು ಬರುವ ದಿನ ಎಂಬಸಿ ಸಾ ಹನೂರಿನ ರಸ್ತೆ ಬದಿಯಲ್ಲಿ ಮೂರು ಕಲ್ಲಿನ ಒಲೆ ಹೂಡಿಸಿ, ಟಿಬೆಟ್ಟಿನವರ ರೂಢಿಯಂತೆ ಟೀಗೆ ಬೆಣ್ಣೆಯನ್ನೂ ಉಪ್ಪನ್ನೂ ಹಾಕಿ ಕುದಿಸಿದ್ದರು. ಅತ್ತೆ ಹಣೆ ಚಚ್ಚಿಕೊಂಡಿದ್ದರು. "ಮಜ್ಗೆ ಕಡ್ದು ಬೆಣ್ಣೆ ಎತ್ತಿದ್ದು ಟೀಗೆ ಸುರಿಯಕಾ? ಉಪ್ಪು ಬೇರೆ. ದನ ಕುಡೀತವ ಅದ?"

ಲಾರಿಯಿಂದ ಇಳಿದವರಲ್ಲಿ ಒಬ್ಬ ಮುದುಕರಿದ್ದರು. ಎರಡು ಜಡೆ, ಸುಕ್ಕಿದ ಮುಖ, ಬಿಡದ ಕೆಮ್ಮು. ಅವರೇ ಗುಂಪಿನ ಹಿರಿಯರು. ಲೋಟ ಹಿಡಿದು ಒಂದು ಗುಟುಕು ಕುಡಿದು ತಮ್ಮ ಭಾಷೆಯಲ್ಲಿ ಏನೋ ಅಂದರು. ಎಂಬಸಿ ಸಾ ಜೋರಾಗಿ ನಕ್ಕುಬಿಟ್ಟರು. ನಾನು ಅರ್ಥ ಕೇಳಿದೆ. "ಇಷ್ಟು ಕೆಟ್ಟ ಟೀ ಕುಡಿಯೋಕೆ ಇಷ್ಟು ದೂರ ಬಂದೆವಾ ಅಂತಾನೆ." ಮುದುಕರು ಇನ್ನೊಂದು ಲೋಟ ಕೇಳಿದರು.

ಇನ್ನು ಮುಂದಿನದರಲ್ಲಿ ಜಗಳದ ಮೂಲ ನಾನು ಎರಡು ಕಡೆಯವರಿಂದ ಕೇಳಿದ್ದು, ಉಳಿದದ್ದು ಕಂಡದ್ದು.

ಟಿಬೆಟ್ಟಿನವರ ಗುಡ್ಡಕ್ಕೂ ನೀರಿನ ಕಟ್ಟೆಗೂ ನಡುವೆ ಒಂದು ಸಣ್ಣ ಊರಿತ್ತು. ಹೆಸರು ಬೇಡ. ಕಟ್ಟೆಗೆ ಹೋಗುವ ದಾರಿ ಆ ಊರಿನ ಮಾರಮ್ಮನ ಗುಡಿಯ ಮುಂದೆ ಹಾದುಹೋಗುತ್ತಿತ್ತು. ಎರಡನೆಯ ವರ್ಷ ಹಿರಿಯರ ಕೆಮ್ಮು ಜಾಸ್ತಿಯಾಯಿತು. ಕಾಮಗೆರೆಯ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟಿದ್ದರು. ಅದರ ಜೊತೆಗೆ ಅವರ ಮಗಳು, ತಮ್ಮ ಪದ್ಧತಿಯಂತೆ, ಸಂತೆಗೆ ಕಡಿಯಲು ತಂದಿದ್ದ ಒಂದು ಟಗರನ್ನು ಕೊಂಡು, ಕಿವಿಗೆ ಕೆಂಪು ದಾರ ಪೋಣಿಸಿ ಬಿಟ್ಟರು. ಹಾಗೆ ಒಂದು ಜೀವವನ್ನು ಉಳಿಸಿ ಬಿಟ್ಟರೆ, ಯಾರ ಹೆಸರಿನಲ್ಲಿ ಬಿಟ್ಟರೋ ಅವರ ಆಯಸ್ಸು ಬೆಳೆಯುತ್ತದೆ ಎಂದು ಅವರ ನಂಬಿಕೆ. ಬಿಟ್ಟ ಪ್ರಾಣಿಯನ್ನು ಆಮೇಲೆ ಯಾರೂ ಕಟ್ಟುವುದಿಲ್ಲ, ಕಡಿಯುವುದಿಲ್ಲ.

ಕೆಳಗಿನ ಆ ಊರಿನವರ ಪದ್ಧತಿಯಲ್ಲೂ ಕೆಂಪು ದಾರವಿದೆ. ಕಿವಿಗೆ ಕೆಂಪು ದಾರ ಹಾಕಿ ಬಿಟ್ಟ ಮರಿ ಎಂದರೆ ಅಮ್ಮನಿಗೆ ಹರಕೆ. ಹಬ್ಬದ ಹಿಂದಿನ ದಿನ ಆ ಟಗರು ಮೇಯುತ್ತಾ ಬಂದು ಗುಡಿಯ ಮುಂದೆ ನಿಂತಿತು. ಊರಿನ ಯಾವ ಮನೆಯದೂ ಅಲ್ಲ, ಕಿವಿಯಲ್ಲಿ ಕೆಂಪು ದಾರ. ಅಮ್ಮ ತಾನೇ ಕರೆಸಿಕೊಂಡಳು ಎಂದು ಜನ ಕೈಮುಗಿದರು. ಮಾರನೆಯ ದಿನ ಭಕ್ತಿಯಿಂದ ಅದನ್ನೇ ಮೊದಲು ಕಡಿದರು.

ಅಷ್ಟೇ ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಆ ಊರಿನಲ್ಲಿ ಹಬ್ಬದ ಪಾಲು ಲೆಕ್ಕಕ್ಕೆ ಸೇರಿದ ಮನೆಗಳಿಗೆ ಮಾತ್ರ ಹೋಗುತ್ತದೆ. ಆ ವರ್ಷ ಊರ ಯಜಮಾನರು, ಗುಡ್ಡದವರೂ ಇನ್ನು ನಮ್ಮವರೇ ಎಂದು, ಟಗರಿನ ತಲೆಯನ್ನೇ ಮುತ್ತುಗದ ಎಲೆಯಲ್ಲಿಟ್ಟು ಮೇಲಕ್ಕೆ ಕಳುಹಿಸಿದರು. ತಲೆ ಅಂದರೆ ಹಿರಿಯ ಪಾಲು. ಎಲೆ ಬಿಚ್ಚಿದವರು ಹಿರಿಯರ ಮಗಳು. ಕಿವಿಯಲ್ಲಿ ದಾರ ಹಾಗೇ ಇತ್ತು.

ಅವರು ಅದನ್ನು ಅಳುತ್ತಾ ತೆಗೆದುಕೊಂಡು ಹೋಗಿ ಹೂತರು. ಹಿರಿಯರು ಅವತ್ತಿನಿಂದ ಊಟ ಬಿಟ್ಟು ಮಲಗಿದರು. ಕೆಳಗೆ ಊರಿಗೆ ಬಂದ ಸುದ್ದಿ ಇಷ್ಟೇ: ಅಮ್ಮನ ಪಾಲನ್ನು ಮಣ್ಣಿಗೆ ಹಾಕಿದರು.

ನಾನು ಹೋಗುವ ಹೊತ್ತಿಗೆ ಕಟ್ಟೆಯ ದಾರಿಗೆ ಜಾಲಿಮುಳ್ಳು ಬಿದ್ದಿತ್ತು. ಮುಳ್ಳಿನ ಈ ಕಡೆ ಊರಿನ ಹುಡುಗರು, ಕೈಯಲ್ಲಿ ಮಚ್ಚು. ಆ ಕಡೆ ಖಾಲಿ ಕೊಡಗಳೊಂದಿಗೆ ಬಂದ ಟಿಬೆಟ್ಟಿನ ಗಂಡಸರು, ಕೆಲವರ ಕೈಯಲ್ಲಿ ಗುದ್ದಲಿ. ಯಾರೂ ಕೂಗುತ್ತಿರಲಿಲ್ಲ. ಒಬ್ಬನ ಕಾಲು ಜಾರಿ ಒಂದು ಕೊಡ ಉರುಳಿದ್ದರೂ ಅಲ್ಲಿ ಹೆಣ ಬೀಳುತ್ತಿತ್ತು. ನಾನು ಸರ್ಕಾರದ ಹೆಸರು ಹೇಳಿ ಎರಡು ಕಡೆಯವರನ್ನೂ ಹಿಂದಕ್ಕೆ ಕಳಿಸಿದೆ. ಹೋದರು. ಮುಳ್ಳು ಮಾತ್ರ ಹಾಗೇ ಇತ್ತು.

ತಹಸೀಲ್ದಾರರು ಒಳ್ಳೆಯವರು, ದುಡುಕಿನವರಲ್ಲ. ಮರುದಿನ ಹನೂರಿನ ಪ್ರವಾಸಿ ಬಂಗಲೆಗೆ ಊರ ಯಜಮಾನರನ್ನು ಕರೆಸಿ ಮಾತು ಮುಗಿಸುವುದು, ಆಮೇಲೆ ಗುಡ್ಡದವರಿಗೆ ತಿಳಿಸುವುದು, ಬಗ್ಗದಿದ್ದರೆ ಪೊಲೀಸು ಇಳಿಸುವುದು ಎಂದು ಅವರ ಯೋಚನೆ. ಟಿಬೆಟ್ಟಿನ ಭಾಷೆ ಬಲ್ಲವರೆಂದು ಎಂಬಸಿ ಸಾ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದೆವು. ಹನೂರು ಹತ್ತಿರ ಬಂದಾಗ ಅವರು ಕೇಳಿದರು, "ಗುಡ್ಡದ ಮೇಲಿನವರು ಯಾರು ಬರ್ತಿದಾರೆ?"

"ಅವರಿಗೆ ಆಮೇಲೆ ಹೇಳಿದರಾಯ್ತು ಸಾರ್. ಭಾಷೆ ಬರಲ್ಲ, ಸುಮ್ನೆ ತಡ. ನೀರಿಲ್ದೆ ಕೂತಿದಾರೆ, ಬೇಗ ಮುಗೀಬೇಕು" ಎಂದರು ತಹಸೀಲ್ದಾರರು. ಅವರ ಮಾತಿನಲ್ಲಿ ಕಾಳಜಿಯಿತ್ತು.

"ಜೀಪು ನಿಲ್ಲಿಸಿ."

ನಿಂತಿತು. ಅವರು ಇಳಿದು ರಸ್ತೆಬದಿಯ ಮೋರಿ ಕಟ್ಟೆಯ ಮೇಲೆ ಕುಳಿತರು. ಇಷ್ಟು ನೇರವಾಗಿ ಅವರು ಏನನ್ನಾದರೂ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. "ಅವರಿಲ್ಲದ ಕಡೆ ಅವರ ಮಾತು ಮುಗಿಸೋದನ್ನ ನಾನು ಒಂದು ಸಲ ನೋಡಿದೀನಿ ಸಾರ್. ಇನ್ನೊಂದು ಸಲಕ್ಕೆ ನಾನು ಬರೋದಿಲ್ಲ. ಒಂದು ದಿನ ಕೊಡಿ."

ತಹಸೀಲ್ದಾರರು ನನ್ನ ಮುಖ ನೋಡಿದರು. ನೀರಿನ ಕಟ್ಟೆಯಿಂದ ಒಂದು ಗಾಡಿ ನೀರನ್ನು ಸುತ್ತು ದಾರಿಯಲ್ಲಿ ಮೇಲಕ್ಕೆ ಕಳುಹಿಸಲು ಹೇಳಿ, ದಿನ ಕೊಟ್ಟರು.

ಆ ದಿನವೆಲ್ಲ ಎಂಬಸಿ ಸಾ ಊರಿಗೂ ಗುಡ್ಡಕ್ಕೂ ನಡೆದರು. ಮಂಡಿ ನೋವಿನ ಮನುಷ್ಯ, ಉಣ್ಣೆಯ ಕೋಟು ಬೇರೆ. ನಾನು ಜೊತೆಯಲ್ಲಿದ್ದೆ. ಊರ ಯಜಮಾನರು ಗುಡಿಯ ಜಗಲಿಯಲ್ಲಿ ಕುಳಿತಿದ್ದರು. ಮೊದಲೇ ಚುಚ್ಚಿದರು.

"ಲಿಂಗ ಕಟ್ದೋರು ನೀವು. ಬಾಡಿನ್ ಪಂಚಾಯ್ತಿಗೆ ನಿಮ್ನ ಯಾರ್ ಕರ್ದರು?"

"ಅದಕ್ಕೇ ಬಂದೆ ಯಜಮಾನ್ರೆ. ಎರಡು ಕಡೆ ಪಾಲೂ ನಂಗೆ ಬೇಡ."

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಯಜಮಾನರು ನಗಲಿಲ್ಲ, ಆದರೆ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಹುಡುಗನೊಬ್ಬ, "ಆ ಲಾಮಗೋಳ್ಗೆ ಏಳಿ ಸಾ..." ಎಂದು ಬಯ್ಯಲು ಶುರುಮಾಡಿದಾಗ ಎಂಬಸಿ ಸಾ ಕೈಯೆತ್ತಿ ತಡೆದರು. "ಬೈಗುಳ ಹೊತ್ಕೊಂಡು ಗುಡ್ಡ ಹತ್ತೋಕೆ ನಂಗೆ ಶಕ್ತಿ ಇಲ್ಲಪ್ಪ. ಬೇರೆ ಏನಾದ್ರೂ ಕೊಡು."

ಅವರು ತಪ್ಪು ಯಾರದೆಂದು ಎಲ್ಲೂ ಕೇಳಲಿಲ್ಲ. ಎರಡು ಕಡೆಯೂ ಒಂದೇ ಪ್ರಶ್ನೆ ಕೇಳಿದರು: ಆ ಟಗರು ಯಾರದು?

"ಅಮ್ಮಂದು" ಎಂದರು ಯಜಮಾನರು.

ಗುಡ್ಡದ ಮೇಲೆ, ಕಂಬಳಿ ಹೊದ್ದು ಮಲಗಿದ್ದ ಹಿರಿಯರು ತಮ್ಮ ಭಾಷೆಯಲ್ಲಿ ಉತ್ತರ ಕೊಟ್ಟರು. ಎಂಬಸಿ ಸಾ ಅದನ್ನು ನನಗೆ ಕನ್ನಡಕ್ಕೆ ತಿರುಗಿಸಿದರು: "ಯಾರದೂ ಅಲ್ಲ. ಬಿಟ್ಟ ಮೇಲೆ ಅದು ಅದರದ್ದೇ."

ಹಿರಿಯರ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತು, ತಲೆಯ ಪಾಲು ಯಾರಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂಬುದನ್ನು ಅವರು ಹೇಳಿದರು. ಮರೆತ ಮಾತುಗಳಿಗೆ ತಡಕಾಡುತ್ತಾ, ಕೈಸನ್ನೆ ಮಾಡುತ್ತಾ, ಮಗಳನ್ನು ಕೇಳಿ ಕೇಳಿ ಹೇಳಿದರು. ಮಗಳು ಸೆರಗಿನಂಥ ಪಟ್ಟೆಬಟ್ಟೆಯಿಂದ ಬಾಯಿ ಮುಚ್ಚಿಕೊಂಡರು. ಹಿರಿಯರು ಸೂರು ನೋಡುತ್ತಾ, "ಅವರು ತಮ್ಮ ದೇವರ ಊಟವನ್ನು ನಮಗೆ ಕಳಿಸಿದ್ದರು" ಎಂದರು. ಇದನ್ನೂ ಅವರೇ ತಿರುಗಿಸಿ ಹೇಳಿದ್ದು.

ಮತ್ತೆ ಇಳಿದು ಯಜಮಾನರಿಗೆ ಕೆಂಪು ದಾರದ ಅರ್ಥ ಹೇಳಿದರು. ಯಜಮಾನರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಅಂದ್ರೆ ನಾವು ಒಬ್ಬ ಮುದುಕನ ಆಯಸ್ಸ ಕಡ್ಕ ತಿಂದ್ಬುಟ್ವಾ?"

"ನಿಮಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ದೆ ತಿಂದ್ರೂ ಒಟ್ಟೆಗೇ ತಾನೆ ಓಗಾದು?" ಎಂದು ಎದ್ದು ಉಗುಳಿ ಬಂದರು. ಆಮೇಲೆ, "ಅವ್ರಿಗೂ ಬರಕ್ ಏಳಿ. ನಾನೂ ಬತ್ತೀನಿ" ಎಂದರು.

ಮಾರನೆಯ ಬೆಳಿಗ್ಗೆ ಮುಳ್ಳಿನ ಪಕ್ಕದ ಹುಣಸೆ ಮರದ ಕೆಳಗೆ ಸಭೆ ಸೇರಿತು. ತಹಸೀಲ್ದಾರರಿಗೆಂದು ಯಾರೋ ಕುರ್ಚಿ ತಂದಿದ್ದರು. ಎಂಬಸಿ ಸಾ ಅದರ ಮೇಲೆ ತಮ್ಮ ಕೋಟನ್ನು ಮಡಿಸಿಟ್ಟರು, ಆದ್ದರಿಂದ ತಹಸೀಲ್ದಾರರೂ ನೆಲದ ಮೇಲೆ ಕುಳಿತರು. ಹಿರಿಯರನ್ನು ಹೊತ್ತು ತಂದಿದ್ದರು. ತಹಸೀಲ್ದಾರರು ಗಂಟಲು ಸರಿಮಾಡಿಕೊಂಡಾಗ ಎಂಬಸಿ ಸಾ ಮೆಲ್ಲಗೆ, "ಮೊದಲು ಅವರು" ಎಂದರು. ಹಿರಿಯರು ಕೆಮ್ಮಿನ ನಡುವೆ ಮಾತಾಡಿದರು. ಇವರು ತಿರುಗಿಸಿದರು. ಒಂದು ಕಡೆ ತಪ್ಪಿ, ನಿಲ್ಲಿಸಿ, ಹಿರಿಯರನ್ನು ಮತ್ತೆ ಕೇಳಿ ತಿದ್ದಿದರು. ಊರಿನವರು ಆ ತಡವನ್ನು ಸಹಿಸಿಕೊಂಡು ಕುಳಿತರು.

ಯಜಮಾನರು ತಮ್ಮ ದೊಡ್ಡಿಯ ಒಂದು ಮರಿಯನ್ನು ಎತ್ತಿಕೊಂಡೇ ಬಂದಿದ್ದರು. ಅದನ್ನು ಹಿರಿಯರ ಮುಂದೆ ಇಳಿಸಿ, "ಇದ್ನ ಬುಡಿ ಅಜ್ಜ. ನಿಮ್ಮ ಎಸ್ರಲ್ಲೇ ಬುಡಿ. ಆದ್ರೆ ದಾರ ಮಾತ್ರ ನೀಲಿದು ಆಕಿ, ನಮ್ಮಮ್ಮಂಗೂ ಗೊತ್ತಾಗ್ಲಿ" ಎಂದರು. ಹಿರಿಯರು ಮರಿಯ ತಲೆಯನ್ನು ಸವರಿದರು. ಮುಳ್ಳನ್ನು ಎಳೆದು ಹಾಕಿದವರು ಮಚ್ಚು ಹಿಡಿದಿದ್ದ ಅದೇ ಹುಡುಗರು.

ವಾಪಸು ಬರುವಾಗ ಜೀಪಿನಲ್ಲಿ ತಹಸೀಲ್ದಾರರು ಎಂಬಸಿ ಸಾ ಅವರ ಕೈ ಕುಲುಕಿದರು. ಅವರು ಆ ಬಿಸಿಲಿನಲ್ಲಿ ಕೋಟು ಹಾಕಿಕೊಂಡು ಗುಂಡಿ ಹಾಕಿದರು. ಹಿರಿಯರು ಆಮೇಲೆ ಎರಡು ಮಳೆಗಾಲ ಕಂಡರು. ಅದು ಮರಿಯಿಂದಲೋ ಔಷಧಿಯಿಂದಲೋ ನಾನು ಹೇಳಲಾರೆ.

ಇನ್ನೊಂದು ಸಂಗತಿ ಇದೆ. ಎಂಬಸಿ ಸಾ ಕಾಲು ಊದಿ ಕೊಳ್ಳೇಗಾಲದ ಮನೆಯಲ್ಲೇ ಮಲಗಿದ್ದಾಗ ನಡೆದದ್ದು. ಆ ದಾರಿಗೆ ಹೊಸದಾಗಿ ಬಸ್ಸು ಬರುವುದಿತ್ತು. ಅದು ಎಲ್ಲಿ ನಿಲ್ಲಬೇಕೆಂದು ಗೊತ್ತು ಮಾಡಲು ಬೇರೊಬ್ಬ ಅಧಿಕಾರಿ ಬಂದಿದ್ದರು. ಹಿಂದೆ ನಡೆದ ಯಾವುದೂ ಅವರಿಗೆ ತಿಳಿದಿರಲಿಲ್ಲ. ನಾನು ಅವರ ಜೊತೆ ಹೋಗಿದ್ದೆ. ಊರಿನವರು ಹುಣಸೆ ಮರದ ಕೆಳಗೆ ಸೇರಿದ್ದರು. ಬಸ್ಸು ಊರೊಳಗೆ ನಿಂತರೆ ಊರಿಗೆ ಲಾಭ, ತಿರುವಿನಲ್ಲಿ ನಿಂತರೆ ಗುಡ್ಡದವರಿಗೆ. ಅಧಿಕಾರಿ ನಕ್ಷೆ ಬಿಡಿಸಿ, "ಎಲ್ಲರೂ ಬಂದ ಹಾಗಾಯ್ತು, ಶುರು ಮಾಡೋಣ" ಎಂದರು.

ಯಜಮಾನರು ಕೂತಲ್ಲಿಂದಲೇ ಹೇಳಿದರು. "ಇರಿ ಸಾ. ಮ್ಯಾಗಲವ್ರು ಇನ್ನೂ ಬಂದಿಲ್ಲ."

"ಅವರಿಗೆ ಆಮೇಲೆ ತಿಳಿಸಿದ್ರಾಯ್ತಲ್ಲ?"

"ಅಂಗ್ ನಮ್ಮಲ್ಲಿ ಮಾಡಾದಿಲ್ಲ ಸಾ."

ಯಾವಾಗಿನಿಂದ ಎಂದು ಅಧಿಕಾರಿ ಕೇಳಲಿಲ್ಲ, ಯಜಮಾನರೂ ಹೇಳಲಿಲ್ಲ. ಗುಡ್ಡದ ದಾರಿಯಲ್ಲಿ ನಾಲ್ಕು ಜನ ಇಳಿದು ಬರುತ್ತಿರುವುದು ದೂರದಲ್ಲಿ ಕಾಣುತ್ತಿತ್ತು. ಅಧಿಕಾರಿ ನಕ್ಷೆಯನ್ನು ಮಡಿಸಿಟ್ಟರು. ಊರಿನವರು ಇಳಿದು ಬರುವವರಿಗಾಗಿ ಸರಿದು ಜಾಗ ಬಿಟ್ಟು ಕಾದರು. ನಾನೂ ಕಾದೆ.